ಮಹಾಲಯ ಅಮಾವಾಸ್ಯೆಯಿಂದ ತುಳಸಿ ಹಬ್ಬದವರೆಗೆ: ಹದಿನಾಲ್ಕು ಜನರ ಮನೆ ನಡೆಸುವ ಬಗೆ

ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಮೇಲೆ ಒಂದು ವಾರ ಮನೆ ತಣ್ಣಗಿರುತ್ತದೆ. ಆಮೇಲೆ ಶುರುವಾಯಿತು ಅಂದರೆ ಕಾರ್ತಿಕದ ತುಳಸಿ ಹಬ್ಬದವರೆಗೆ ಪುರುಸೊತ್ತಿಲ್ಲ. ಪಿತೃಪಕ್ಷ, ಮಕ್ಕಳ ಪರೀಕ್ಷೆ, ದಸರಾ ರಜೆ, ಗೊಂಬೆ, ನೆಂಟರು, ಆಯುಧಪೂಜೆ, ಬಿಡದ ಮಳೆ, ಯಾರಿಗಾದರೂ ಒಬ್ಬರಿಗೆ ಜ್ವರ, ದೀಪಾವಳಿ, ರಾಜ್ಯೋತ್ಸವದ ಡ್ಯಾನ್ಸು. ನಮ್ಮದು ಮೈಸೂರು. ಮನೆಯಲ್ಲಿ ಅತ್ತೆ, ಮಾವ, ಮಾವನ ತಂಗಿ, ಮೂರು ಜನ ಅಣ್ಣತಮ್ಮಂದಿರು, ನಾವು ಮೂವರು ವಾರಗಿತ್ತಿಯರು, ಐದು ಮಕ್ಕಳು. ದಸರಾ ಊರಿನಲ್ಲಿ ಮನೆ ಇದ್ದರೆ ನೆಂಟರು ಬಂದೇ ಬರುತ್ತಾರೆ, ಹಾಗಾಗಿ ಆ ಹತ್ತು ದಿನ ಹದಿನಾಲ್ಕು ಇಪ್ಪತ್ತೈದಾಗುತ್ತದೆ.

ಇಷ್ಟು ಜನ ಇರುವ ಮನೆಯಲ್ಲಿ ಕೈಗಳಿಗೆ ಬರ ಇಲ್ಲ. ಕಷ್ಟ ಬರುವುದು ಬೇರೆ ಕಡೆಯಿಂದ. ಯಾವಾಗ ಏನಾಗಬೇಕು ಅನ್ನೋದೆಲ್ಲ ಒಬ್ಬರ ತಲೆಯಲ್ಲಿ ಮಾತ್ರ ಇರುತ್ತದೆ, ಬಹಳ ಮನೆಗಳಲ್ಲಿ ಅದು ಹಿರಿ ಸೊಸೆಯ ತಲೆ. ಉಳಿದವರು "ನಾನೇನು ಮಾಡ್ಲಿ ಹೇಳು, ಮಾಡ್ತೀನಿ" ಅನ್ನುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಅನ್ನುತ್ತಾರೆ. ಆದರೆ ನೆನಪಿಟ್ಟುಕೊಂಡು, ಸರಿಯಾದ ಹೊತ್ತಿಗೆ, ಸರಿಯಾದವರಿಗೆ ಹೇಳುವುದೇ ಅರ್ಧ ಕೆಲಸ, ಅಲ್ವಾ? ಈ ಬರಹ ಪೂರ್ತಿ ಆ ಅರ್ಧವನ್ನು ತಲೆಯಿಂದ ಇಳಿಸುವುದರ ಬಗ್ಗೆ. ಕಜ್ಜಾಯದ ಪಾಕವೂ ಮಧ್ಯೆ ಬರುತ್ತದೆ, ಯಾಕೆಂದರೆ ಅದಿಲ್ಲದೆ ಆಗುವುದಿಲ್ಲ.

ಮೊದಲು ಗೋಡೆಗೆ ಒಂದು ದೊಡ್ಡ ಹಾಳೆ

ಭಾದ್ರಪದ ಹುಣ್ಣಿಮೆ ಒಳಗೆ ಈ ಕೆಲಸ ಮುಗಿಸಿ. ಒಂದು ಡ್ರಾಯಿಂಗ್ ಶೀಟ್ ತಂದು ಅಡುಗೆಮನೆ ಬಾಗಿಲ ಪಕ್ಕ ಅಂಟಿಸಿ. ವಾಟ್ಸ್ಆ್ಯಪ್ ಗುಂಪು ಬೇಡ ಅಂತ ನಾನು ಹೇಳುವುದಿಲ್ಲ, ಆದರೆ ಅಲ್ಲಿ ಹಾಕಿದ್ದು ಗುಡ್ ಮಾರ್ನಿಂಗ್ ಹೂವುಗಳ ಕೆಳಗೆ ಮುಳುಗಿ ಹೋಗುತ್ತದೆ. ಮಾವನವರಂತೂ ಅದನ್ನು ತೆಗೆದೇ ನೋಡುವುದಿಲ್ಲ.

ಹಾಳೆಯ ಮೇಲೆ ಮೊದಲು ಹಬ್ಬದ ದಿನಗಳನ್ನು ಬರೆಯಿರಿ. ಹೋದ ವರ್ಷದ ತಾರೀಕು ನಂಬಿ ರಜೆ ಹಾಕಬೇಡಿ, ಟಿಕೆಟ್ ಬುಕ್ ಮಾಡಬೇಡಿ. ಚಾಂದ್ರಮಾನದ ಹಬ್ಬ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅಧಿಕ ಮಾಸ ಬಂದ ವರ್ಷ ಒಮ್ಮೆಲೇ ಮುಂದಕ್ಕೆ ಹಾರುತ್ತದೆ. 2025ರಲ್ಲಿ ನವರಾತ್ರಿ ಸೆಪ್ಟೆಂಬರ್ 22ಕ್ಕೇ ಶುರುವಾಗಿ ಅಕ್ಟೋಬರ್ 2ಕ್ಕೆ ವಿಜಯದಶಮಿ ಬಂತು. ಅವತ್ತೇ ಗಾಂಧಿ ಜಯಂತಿ, ಎರಡು ರಜೆ ಒಂದರಲ್ಲೇ ಮುಗಿದು ಮಕ್ಕಳು ಮುಖ ಊದಿಸಿಕೊಂಡಿದ್ದರು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ನವರಾತ್ರಿ ಅಕ್ಟೋಬರ್ ಎರಡನೇ ವಾರಕ್ಕೆ ಹೋಗುತ್ತದೆ. ತಿಥಿ ವಿಷಯದಲ್ಲಿ ಎರಡು ಕ್ಯಾಲೆಂಡರ್‌ಗಳಿಗೆ ಒಂದು ದಿನ ವ್ಯತ್ಯಾಸ ಇದ್ದರೆ ಜಗಳ ಬೇಡ. ನಮ್ಮಲ್ಲಿ ಒಂಟಿಕೊಪ್ಪಲ್ ಪಂಚಾಂಗ ಹೇಳಿದ್ದೇ ಅಂತಿಮ. ನಿಮ್ಮಲ್ಲಿ ಯಾವುದೋ ಅದು, ಒಂದನ್ನು ಹಿಡಿದುಕೊಳ್ಳಿ.

ಅದರ ಕೆಳಗೆ ಮಕ್ಕಳ ಪರೀಕ್ಷೆ, ರಜೆ. ಒಂದೇ ಮನೆಯ ಮಕ್ಕಳು ಬೇರೆ ಬೇರೆ ಶಾಲೆಗೆ ಹೋಗುತ್ತಿದ್ದರೆ ಇದು ತುಂಬ ಮುಖ್ಯ. ಸ್ಟೇಟ್ ಸಿಲಬಸ್ ಶಾಲೆಗೆ ದಸರಾ ರಜೆ ಉದ್ದ, ಸಿಬಿಎಸ್ಇ ಶಾಲೆಗೆ ಸಾಮಾನ್ಯವಾಗಿ ಗಿಡ್ಡ. ಒಬ್ಬಳು ಅಜ್ಜಿ ಜೊತೆ ಗೊಂಬೆ ಜೋಡಿಸುತ್ತಾ ಇರುವಾಗ ಇನ್ನೊಬ್ಬ ಗಣಿತದ ಪರೀಕ್ಷೆಗೆ ಓದಬೇಕು. ಆ ಹುಡುಗನಿಗೆ ಓದಲು ಯಾವ ಕೋಣೆ ಅನ್ನುವುದೂ ಹಾಳೆಯಲ್ಲೇ ಇರಲಿ.

ಮೂರನೆಯದು ಹೆಸರುಗಳು. ಇಲ್ಲಿ ಸ್ವಲ್ಪ ಗಟ್ಟಿ ಇರಿ. "ಎಲ್ಲರೂ ಸೇರಿ ಮಾಡೋಣ" ಅಂತ ಬರೆದ ಕೆಲಸ ಯಾರೂ ಮಾಡುವುದಿಲ್ಲ. ಹೂವು ಅಂದರೆ ಒಬ್ಬರ ಹೆಸರು. ಹಾಲು ಅಂದರೆ ಒಬ್ಬರ ಹೆಸರು. ಆ ಕೆಲಸಕ್ಕೆ ಬೇಕಾದ ದುಡ್ಡು, ಸಾಮಾನು, ನೆನಪು ಎಲ್ಲಾ ಅವರದೇ, ಬೇಕಿದ್ದರೆ ಇನ್ನೊಬ್ಬರನ್ನು ಕರೆದುಕೊಳ್ಳುವುದೂ ಅವರದೇ. ಹತ್ತು ವರ್ಷ ದಾಟಿದ ಮಕ್ಕಳಿಗೂ ಒಂದೊಂದು ಕೊಡಿ. ಚಪ್ಪಲಿ ಸಾಲು, ಕುಡಿಯುವ ನೀರಿನ ಕ್ಯಾನು, ಎಲೆ ತೊಳೆಯುವುದು, ಇವು ಅವರಿಂದ ಚೆನ್ನಾಗಿ ಆಗುತ್ತವೆ. ಗಂಡಸರಿಗೆ ಬರೀ "ತರುವ" ಕೆಲಸ ಕೊಟ್ಟು ಬಿಡಬೇಡಿ. ಅಂಗಡಿಗೆ ಹೋಗಿ ಅಲ್ಲಿಂದ ಐದು ಸಲ ಫೋನ್ ಮಾಡಿ ಯಾವ ಬ್ರ್ಯಾಂಡು, ಎಷ್ಟು ಗ್ರಾಂ ಅಂತ ಕೇಳುವುದಾದರೆ ಅದು ಅವರ ಕೆಲಸ ಆಗಲಿಲ್ಲ, ನಮ್ಮದೇ ಆಯಿತು. ನಮ್ಮಲ್ಲಿ ಬೆಳಗಿನ ತಿಂಡಿ ಪೂರ್ತಿ ಮೈದುನನ ಪಾಲು, ಹಿಟ್ಟು ರುಬ್ಬುವುದರಿಂದ ಹಿಡಿದು ಚಟ್ನಿವರೆಗೆ. ಮೊದಲ ಎರಡು ದಿನ ಚಟ್ನಿಗೆ ಉಪ್ಪು ಜಾಸ್ತಿ ಆಗಬಹುದು, ಬಾಯಿ ಮುಚ್ಚಿಕೊಂಡು ತಿನ್ನಿ.

ಕೊನೆಗೆ ದುಡ್ಡು. ಮೂರು ಸಂಸಾರದಿಂದ ಸಮನಾಗಿ ಒಂದು ಮೊತ್ತ ತೆಗೆದು ಒಂದು ಡಬ್ಬಿಗೆ ಹಾಕಿ, ಜೊತೆಗೆ ಒಂದು ನೋಟ್‌ಬುಕ್. ಸಂಪಾದನೆ ಒಂದೇ ಥರ ಇಲ್ಲದಿದ್ದರೆ ಸಮ ಪಾಲು ನ್ಯಾಯ ಅಲ್ಲ, ಅದನ್ನು ಹಬ್ಬಕ್ಕೆ ಮುಂಚೆಯೇ ಮಾತಾಡಿ ಮುಗಿಸಿ. ಹಬ್ಬದ ದಿನ ಮಾತಾಡಿದರೆ ಅದು ಮಾತಾಗಿ ಉಳಿಯುವುದಿಲ್ಲ.

ಪಿತೃಪಕ್ಷ: ಎಡೆ, ಬಾಡು, ಆಮೇಲೆ ಫ್ರಿಜ್ಜು

ನಮ್ಮ ಕಡೆ ಹಿರಿಯರಿಗೆ ಎಡೆ ಇಡುವುದು ಅಂದರೆ ಬಾಡೂಟ. ಹೋದವರ ಫೋಟೊ ಮುಂದೆ ಬಾಳೆ ಎಲೆ, ಹೊಸ ಬಟ್ಟೆ, ಅವರಿಗೆ ಇಷ್ಟ ಇದ್ದಿದ್ದೆಲ್ಲ. ಮಾವನವರ ಅಪ್ಪನಿಗೆ ಒಂದು ಕಟ್ಟು ಬೀಡಿ, ಒಂದು ಲೋಟ ಕಾಫಿ ಇಡಲೇಬೇಕು, ಸಕ್ಕರೆ ಜಾಸ್ತಿ. ಯಾರ್‍ಯಾರಿಗೆ ಏನು ಇಷ್ಟ ಇತ್ತು ಅನ್ನೋದು ಮಾವನ ತಂಗಿಗೆ ಮಾತ್ರ ಗೊತ್ತಿತ್ತು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡಿದ್ದೇವೆ. ನೀವೂ ಬರೆಸಿಕೊಳ್ಳಿ, ಕೇಳಲು ಅವರು ಇರುವಾಗಲೇ.

ಮಟನ್‌ಗೆ ಮೂರು ದಿನ ಮುಂಚೆ ಹೇಳಿಡಿ. ಅಮಾವಾಸ್ಯೆ ಹತ್ತಿರದ ಭಾನುವಾರ ಅಂಗಡಿ ಮುಂದೆ ಸಾಲು ರಸ್ತೆ ತನಕ ಬರುತ್ತದೆ. ತಲೆಗೆ 200 ಗ್ರಾಂ ಲೆಕ್ಕ ಹಾಕಿದರೆ ಸಾಕು, ಮುದ್ದೆ, ಅನ್ನ, ವಡೆ ಎಲ್ಲಾ ಇರುತ್ತಲ್ಲ. ಎಡೆ ತೆಗೆದು ಮೊದಲು ಮಹಡಿ ಮೇಲೆ ಕಾಗೆಗೆ ಇಟ್ಟು ಬರುವ ಕೆಲಸ ಮಕ್ಕಳದು.

ಈಗ ಮುಖ್ಯ ವಿಷಯ. ಅಮಾವಾಸ್ಯೆ ಮಾರನೇ ದಿನವೇ ಪಾಡ್ಯ, ಗೊಂಬೆ ಕೂರಬೇಕು, ನವರಾತ್ರಿ ಮುಗಿಯುವವರೆಗೆ ಮನೆಯಲ್ಲಿ ಬಾಡಿಲ್ಲ. ಅಂದರೆ ಅಮಾವಾಸ್ಯೆ ರಾತ್ರಿಯೇ ಪಾತ್ರೆ, ಕಟ್ಟೆ, ಫ್ರಿಜ್ಜು ಎಲ್ಲಾ ತೊಳೆದಾಗಬೇಕು, ಅದೂ ಹೊಟ್ಟೆ ತುಂಬಿ ಎಲ್ಲರಿಗೂ ನಿದ್ದೆ ಬರುತ್ತಿರುವ ಹೊತ್ತಿನಲ್ಲಿ. ಅಡುಗೆ ಮಾಡಿದವರು ತೊಳೆಯಬಾರದು, ಇದನ್ನು ನಿಯಮ ಮಾಡಿ. ಉಳಿದ ಸಾರನ್ನು ನೆಂಟರಿಗೆ ಕಟ್ಟಿಕೊಡಲು ಮುಚ್ಚಳ ಗಟ್ಟಿ ಇರುವ ಡಬ್ಬಿಗಳನ್ನು ಮೊದಲೇ ತೆಗೆದಿಡಿ. ವಾಪಸ್ ಬರುವುದಿಲ್ಲ ಅನ್ನೋ ಡಬ್ಬಿಗಳನ್ನೇ ಆರಿಸಿ.

ಗೊಂಬೆ

ಪಾಡ್ಯಕ್ಕೆ ಒಂದು ವಾರ ಇರುವಾಗ ಅಟ್ಟದಿಂದ ಟ್ರಂಕ್ ಇಳಿಸಿ. ಮಣ್ಣಿನ ಗೊಂಬೆಗೆ ಒದ್ದೆ ಬಟ್ಟೆ ತಾಗಿಸಬೇಡಿ, ಬಣ್ಣ ಕಿತ್ತು ಬರುತ್ತದೆ. ಒಣಗಿದ ಪೇಂಟ್ ಬ್ರಷ್‌ನಿಂದ ಧೂಳು ತೆಗೆಯಿರಿ, ಕಿವಿ ಮೂಗಿನ ಸಂದಿಗೆ ಸಣ್ಣ ಬ್ರಷ್. ಚನ್ನಪಟ್ಟಣದ ಅರಗಿನ ಗೊಂಬೆಗಳನ್ನು ಮೆತ್ತನೆ ಬಟ್ಟೆಯಲ್ಲಿ ಉಜ್ಜಿದರೆ ಹೊಳಪು ಬರುತ್ತದೆ. ಮರದ ಪಟ್ಟದ ಗೊಂಬೆ, ಅಂದರೆ ರಾಜ ರಾಣಿಗೆ ಸೀರೆ ಪಂಚೆ ಉಡಿಸುವುದು ನಿಧಾನದ ಕೆಲಸ, ಅದನ್ನು ಅತ್ತೆಗೇ ಬಿಡಿ. ಜರಿ ತುಂಡು, ಸಣ್ಣ ಪಿನ್ನು, ಕನ್ನಡಕ ಒಂದು ತಟ್ಟೆಯಲ್ಲಿಟ್ಟು ಕೊಟ್ಟರೆ ಎರಡು ಮಧ್ಯಾಹ್ನ ಅವರು ಬೇರೆ ಯಾವುದಕ್ಕೂ ಕರೆಯುವುದಿಲ್ಲ.

ಮೆಟ್ಟಿಲು ಬೆಸ ಸಂಖ್ಯೆ, ಮೂರು, ಐದು, ಏಳು ಅಥವಾ ಒಂಬತ್ತು. ಮನೆಯಲ್ಲಿ ನಾಲ್ಕು ವರ್ಷದ ಮಗು ಇದ್ದರೆ ಏಳು ಸಾಕು. ಕೆಳಗಿನ ಎರಡು ಮೆಟ್ಟಿಲಲ್ಲಿ ಮರದ್ದು, ಬಟ್ಟೆಯದ್ದು, ಒಡೆಯದೇ ಇರುವಂಥದ್ದು ಮಾತ್ರ ಇಡಿ. ಮೇಲೆ ಬಿಳಿ ಪಂಚೆ ಹಾಸಿ, ಜಾರದಂತೆ ಅಂಚನ್ನು ಕೆಳಗೆ ಮಡಿಸಿ ಟೇಪ್ ಹಾಕಿ.

ಗೊಂಬೆ ಮುಂದೆ ಮಕ್ಕಳು ಮಾಡುವ ಪಾರ್ಕಿಗೆ ಹಸಿರು ಬೇಕಲ್ಲ, ಅದಕ್ಕೆ ರಾಗಿ. ಅಮಾವಾಸ್ಯೆಗೆ ಐದಾರು ದಿನ ಇರುವಾಗ ಒಂದು ಹಿಡಿ ರಾಗಿಯನ್ನು ರಾತ್ರಿ ನೆನೆಸಿ, ಹಳೇ ತಟ್ಟೆಯಲ್ಲಿ ಒಂದು ಬೆರಳು ಮಣ್ಣು ಹರಡಿ, ಅದರ ಮೇಲೆ ಚೆಲ್ಲಿ, ಸ್ವಲ್ಪ ಮಣ್ಣು ಉದುರಿಸಿ, ಕೈಯಲ್ಲಿ ನೀರು ಚಿಮುಕಿಸಿ. ನೀರು ನಿಲ್ಲಬಾರದು, ಬೂಸಲು ಬರುತ್ತದೆ. ಮೊಳಕೆ ಕಂಡ ಮೇಲೆ ಬೆಳಕಿಗೆ ಇಡಿ. ನಮ್ಮ ಮಕ್ಕಳು ಪ್ರತಿ ವರ್ಷ ಇದರ ಮೇಲೆ ಪ್ಲಾಸ್ಟಿಕ್ ಡೈನೋಸಾರ್ ನಿಲ್ಲಿಸುತ್ತಾರೆ. ಪಕ್ಕದಲ್ಲೇ ಜಂಬೂ ಸವಾರಿ ಆನೆ. ಅತ್ತೆ ಮೊದಲು ಗೊಣಗಿದರು, ಈಗ ಡೈನೋಸಾರ್ ಎಲ್ಲಿ ಅಂತ ಅವರೇ ಕೇಳುತ್ತಾರೆ.

ಸಂಜೆ ಆರತಿ ಆದ ಮೇಲೆ ಬೀದಿಯ ಮಕ್ಕಳು "ಗೊಂಬೆ ಕೂರಿಸಿದ್ದೀರಾ?" ಅಂತ ಬರುತ್ತಾರೆ, ಅವರಿಗೆ ಚರ್ಪು ಕೊಡಬೇಕು. ಒಂಬತ್ತು ದಿನದ್ದನ್ನೂ ಮೊದಲೇ ಬರೆದುಬಿಡಿ: ಕಡಲೆಕಾಳು ಉಸಲಿ, ಹೆಸರುಕಾಳು, ಕೊಬ್ಬರಿ ಸಕ್ಕರೆ, ಪುರಿ ಉಂಡೆ, ಕೋಡುಬಳೆ, ಹುರಿಗಡಲೆ ಬೆಲ್ಲ ಹೀಗೆ. ಎಣ್ಣೆ ತಿಂಡಿ ವಾರಕ್ಕೆ ಎರಡೇ ದಿನ ಇರಲಿ. ಒಂದು ಕೆಜಿ ಕಡಲೆಕಾಳು ನೆನೆದು ಬೆಂದರೆ ಎರಡು ಕೆಜಿಗೂ ಮೇಲಾಗುತ್ತದೆ, ಸಣ್ಣ ದೊನ್ನೆಯಲ್ಲಿ ಕೊಟ್ಟರೆ ಇಪ್ಪತ್ತೈದು ಮೂವತ್ತು ಜನಕ್ಕೆ ಸಾಕು. ಕಡಲೆ ರಾತ್ರಿಯೇ ನೆನೆಯಬೇಕು, ಹೆಸರುಕಾಳು ಬೆಳಗ್ಗೆ ಹಾಕಿದರೂ ಸಂಜೆಗೆ ಸರಿಹೋಗುತ್ತದೆ. "ಇವತ್ತು ರಾತ್ರಿ ಏನು ನೆನೆಸಬೇಕು" ಅಂತ ಹಾಳೆಯಲ್ಲಿ ಒಂದು ಕಾಲಂ ಹಾಕಿ, ಮಲಗುವ ಮುಂಚೆ ಕೊನೆಗೆ ಲೈಟ್ ಆರಿಸುವವರು ಅದನ್ನು ನೋಡಲಿ.

ಸರಸ್ವತಿ ಪೂಜೆ ಮೂಲಾ ನಕ್ಷತ್ರದ ದಿನ. ಪುಸ್ತಕ ಪೂಜೆಗೆ ಇಟ್ಟ ಮೇಲೆ ಮುಟ್ಟುವ ಹಾಗಿಲ್ಲ ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ರಜೆಯ ಹೋಮ್‌ವರ್ಕ್ ಅದಕ್ಕೆ ಮುಂಚೆ ಮುಗಿದಿರಬೇಕು. ಅಥವಾ ಪೂಜೆಗೆ ಇಡದೆ ಒಂದು ನೋಟ್‌ಬುಕ್ ಈಚೆ ಇಟ್ಟುಕೊಳ್ಳಿ.

ವಾಪಸ್ ಕಟ್ಟುವ ಮುಂಚೆ ಪ್ರತಿ ಮೆಟ್ಟಿಲಿನ ಫೋಟೊ ತೆಗೆಯಿರಿ. ಗೊಂಬೆಗಳನ್ನು ಹಳೇ ಕಾಟನ್ ಸೀರೆ ತುಂಡಿನಲ್ಲಿ ಸುತ್ತಿ, ಒಣಗಿದ ಬೇವಿನ ಸೊಪ್ಪು ಹಾಕಿ, ಡಬ್ಬದ ಮೇಲೆ ಮೆಟ್ಟಿಲಿನ ನಂಬರ್ ಬರೆಯಿರಿ.

ನೆಂಟರು ಬಂದಾಗ

ಯಾರು, ಎಷ್ಟು ಜನ, ಯಾವತ್ತಿನಿಂದ ಯಾವತ್ತಿನವರೆಗೆ. ಮೂರನ್ನೂ ಬಾಯಿಬಿಟ್ಟು ಕೇಳಿ. "ಯಾವಾಗ ಹೋಗ್ತೀರಿ" ಅನ್ನುವುದು ಸರಿ ಕಾಣುವುದಿಲ್ಲ ಅನ್ನಿಸಿದರೆ "ವಾಪಸ್ ಟಿಕೆಟ್ ಸಿಕ್ತಾ?" ಅನ್ನಿ. ಉತ್ತರ ಅದೇ ಬರುತ್ತದೆ.

ಮಲಗುವ ಜಾಗಕ್ಕಿಂತ ಸ್ನಾನದ ಸಾಲೇ ದೊಡ್ಡ ತಲೆನೋವು. ಇಪ್ಪತ್ತೈದು ಜನ, ಎರಡು ಬಚ್ಚಲು. ಅರ್ಧ ಜನ ರಾತ್ರಿ ಸ್ನಾನ ಮಾಡಿ ಮಲಗುವುದು ಅಂತ ಮಾಡಿ, ಮಕ್ಕಳೆಲ್ಲ ಆ ಪಟ್ಟಿಗೆ. ಹಾಸಿಗೆ ಕೋಣೆ ಕೋಣೆಗೆ ಹಂಚುವಾಗ ಗೊರಕೆಯವರನ್ನು ಒಟ್ಟಿಗೆ ಹಾಕಿ.

ಮಧ್ಯಾಹ್ನದ ಊಟಕ್ಕೆ ತಲೆಗೆ 100 ಗ್ರಾಂ ಅಕ್ಕಿ, ಇಪ್ಪತ್ತೈದು ಜನಕ್ಕೆ ಒಂದು ಕೆಜಿ ತೊಗರಿಬೇಳೆ ಹುಳಿಗೆ ಸಾಕು. ದಿನಾ ಐದು ಬಗೆ ಬೇಡ. ರಾತ್ರಿ ಒಂದೇ ಪಾತ್ರೆಯ ಅಡುಗೆ ಮಾಡಿ, ಬಿಸಿಬೇಳೆಬಾತ್, ಅವಲಕ್ಕಿ, ಉಪ್ಪಿಟ್ಟು. ಉಪ್ಪಿಟ್ಟು ಅಂದರೆ ಮುಖ ಸಿಂಡರಿಸುವವರು ಪ್ರತಿ ಮನೆಯಲ್ಲೂ ಇರುತ್ತಾರೆ, ಅವರಿಗೆ ಮೊಸರನ್ನ.

ಇನ್ನೊಂದು, ಇದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ. ಅಡುಗೆ ಮಾಡಿದವರು ಮೊದಲ ಪಂಕ್ತಿಯಲ್ಲಿ ಕೂರಬೇಕು, ಎರಡು ದಿನಕ್ಕೊಮ್ಮೆಯಾದರೂ. ಬಡಿಸಲು ಬೇರೆಯವರು ಇರಲಿ. ಎಲ್ಲರಿಗೂ ಬಡಿಸಿ, ತಣ್ಣಗಾದ ಹಪ್ಪಳ, ತಳದ ಸಾರು ಹಾಕಿಕೊಂಡು ಮೂರು ಗಂಟೆಗೆ ಉಣ್ಣುವುದನ್ನು ಸಂಪ್ರದಾಯ ಅಂತ ಕರೆಯುವುದು ನನಗೆ ಒಪ್ಪಿಗೆ ಇಲ್ಲ.

ದಸರಾ ತೋರಿಸುವುದು

ಬಂದವರಿಗೆಲ್ಲ ಜಂಬೂ ಸವಾರಿಯೇ ನೋಡಬೇಕು. ನಿಜ ಹೇಳಬೇಕೆಂದರೆ ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ಅವತ್ತು ಟಿವಿ ಮುಂದೆ ಕೂರುವುದೇ ಚೆಂದ. ಸಯ್ಯಾಜಿರಾವ್ ರಸ್ತೆಯಲ್ಲಿ ಜಾಗ ಸಿಗಬೇಕಾದರೆ ಬೆಳಗ್ಗೆಯೇ ಹೋಗಿ ಕೂರಬೇಕು, ಮೆರವಣಿಗೆ ಬರುವುದು ಮಧ್ಯಾಹ್ನದ ಮೇಲೆ, ನಡುವೆ ಎದ್ದು ಶೌಚಕ್ಕೆ ಹೋದರೆ ಜಾಗ ಹೋಯಿತು. ಬಿಸಿಲು ಇರುತ್ತದೆ, ಇಲ್ಲಾ ಮಳೆ.

ಅದರ ಬದಲು ಆನೆಗಳ ತಾಲೀಮು ತೋರಿಸಿ. ನಾಗರಹೊಳೆ ಅಂಚಿನ ವೀರನಹೊಸಹಳ್ಳಿಯಿಂದ ಗಜಪಯಣ ಆಗಿ ಆನೆಗಳು ದಸರೆಗೆ ಎಷ್ಟೋ ವಾರ ಮುಂಚೆಯೇ ಅರಮನೆಗೆ ಬಂದಿರುತ್ತವೆ. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು ಐದು ಕಿಲೋಮೀಟರ್ ದಾರಿಯಲ್ಲಿ ದಿನಾ ಅವನ್ನು ನಡೆಸುತ್ತಾರೆ. ಮೊದಲು ಮರಳಿನ ಮೂಟೆ ಹೊರಿಸಿ, ಆಮೇಲೆ ಮರದ ಅಂಬಾರಿ, ಯಾಕೆಂದರೆ ಕೊನೆಯ ದಿನ ಹೊರಬೇಕಾದ ಚಿನ್ನದ ಅಂಬಾರಿ 750 ಕೆಜಿ. 2020ರಿಂದ 2025ರವರೆಗೆ ಅದನ್ನು ಹೊತ್ತಿದ್ದು ಅಭಿಮನ್ಯು. ಬೆಳಗ್ಗೆ ಬೇಗ ಮಕ್ಕಳನ್ನು ಕರೆದುಕೊಂಡು ದಾರಿ ಬದಿಗೆ ನಿಂತರೆ ಆನೆ ಹತ್ತಿರದಲ್ಲೇ ಹೋಗುತ್ತದೆ. ಮಾವುತರು ಅದರ ಜೊತೆ ಮಾತಾಡುವುದು ಕೇಳಿಸುತ್ತದೆ. ನೂಕುನುಗ್ಗಲಿಲ್ಲ, ಪಾಸ್ ಬೇಕಿಲ್ಲ.

ಅರಮನೆ ದೀಪ ನೋಡಲು ಕಾರು ತೆಗೆಯಬೇಡಿ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತುವ ಆ ಒಂದು ಕ್ಷಣ ನೋಡಬೇಕಾದರೆ ಅರ್ಧ ಗಂಟೆ ಮುಂಚೆ ಅಲ್ಲಿರಬೇಕು. ಸುತ್ತ ರಸ್ತೆಗಳು ಏಕಮುಖ ಆಗಿರುತ್ತವೆ, ಬಸ್ಸಿನಲ್ಲಿ ಹೋಗಿ ನಡೆದುಬಿಡಿ. ಮಕ್ಕಳ ಜೇಬಿನಲ್ಲಿ ಹೆಸರು, ಫೋನ್ ನಂಬರ್ ಬರೆದ ಚೀಟಿ ಇರಲಿ. ತಪ್ಪಿಸಿಕೊಂಡರೆ ಸೇರುವ ಜಾಗ ಮೊದಲೇ ತೋರಿಸಿ, ಅದು ಕೆ.ಆರ್. ಸರ್ಕಲ್ ಆಗಿರಬಾರದು, ಅಲ್ಲಿ ದೊಡ್ಡವರೇ ಕಳೆದುಹೋಗುತ್ತಾರೆ. ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನಕ್ಕೆ ಅವಸರ ಬೇಡ, ದಸರಾ ಮುಗಿದ ಮೇಲೂ ಎಷ್ಟೋ ದಿನ ಇರುತ್ತದೆ. ನೆಂಟರು ಹೋದ ಮೇಲೆ ನೀವು ಮಾತ್ರ ಹೋಗಿ, ಹಪ್ಪಳ ತಿಂದು ಬನ್ನಿ.

ಆಯುಧಪೂಜೆ

ಹೂವು, ಬೂದುಗುಂಬಳ, ಬಾಳೆಕಂದು, ಪುರಿ. ನಾಲ್ಕಕ್ಕೂ ಹಿಂದಿನ ದಿನ ಸಂಜೆ ಬೆಲೆ ಏರುತ್ತದೆ. ಕುಂಬಳಕಾಯಿ ಒಂದು ವಾರ ಮುಂಚೆಯೇ ತಂದಿಡಬಹುದು, ಕೆಡುವುದಿಲ್ಲ. ಸೇವಂತಿಗೆಯನ್ನು ಎರಡು ದಿನ ಮುಂಚೆ ಬೆಳಗಿನ ಜಾವ ದೇವರಾಜ ಮಾರುಕಟ್ಟೆಯಲ್ಲಿ ಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ.

ಗಾಡಿ ತೊಳೆಯುವುದು ಹಿಂದಿನ ದಿನ, ಒಬ್ಬೊಬ್ಬರಾಗಿ. ಎಲ್ಲರೂ ಒಂದೇ ಬೆಳಗ್ಗೆ ತೊಳೆದರೆ ತೊಟ್ಟಿ ಖಾಲಿ. ಲ್ಯಾಪ್‌ಟಾಪಿಗೆ ಕುಂಕುಮ ಮುಚ್ಚಳದ ಮೇಲೆ ಮಾತ್ರ, ಕೀಗಳ ಸಂದಿಗೆ ಹೋದರೆ ಬರುವುದಿಲ್ಲ. ಕುಂಬಳಕಾಯಿ ಒಡೆದ ಮೇಲೆ ಚೂರುಗಳನ್ನು ರಸ್ತೆಯಿಂದ ಎತ್ತಿ. ಪ್ರತಿ ವರ್ಷ ಅದರ ಮೇಲೆ ಜಾರಿ ಬೈಕ್ ಸವಾರರು ಬೀಳುತ್ತಾರೆ, ದೃಷ್ಟಿ ತೆಗೆಯಲು ಹೋಗಿ ಇನ್ನೊಬ್ಬರ ಕೈ ಮುರಿಯುವುದು ಯಾವ ಪೂಜೆ? ಒಡೆದವರೇ ಗುಡಿಸಬೇಕು.

ವಿಜಯದಶಮಿ ಸಂಜೆ ಬನ್ನಿ ಎಲೆ. ನನ್ನ ಕಿರಿ ವಾರಗಿತ್ತಿ ಧಾರವಾಡದವಳು, ಅವಳು ಬಂದ ಮೇಲೆ ನಮ್ಮನೆಯಲ್ಲೂ ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಅನ್ನುವುದು ಶುರುವಾಯಿತು. ವರ್ಷಪೂರ್ತಿ ಮಾತು ಬಿಟ್ಟವರಿಗೂ ಎಲೆ ಕೊಡಬೇಕು ಅಂತ ಅವಳ ಕಟ್ಟಪ್ಪಣೆ. ಮಕ್ಕಳನ್ನು ಮುಂದೆ ಬಿಟ್ಟು ಕೊಡಿಸಿ, ಸಲೀಸು.

ನಡುವಿನ ಎರಡೂವರೆ ವಾರ

ದಸರೆಗೂ ದೀಪಾವಳಿಗೂ ನಡುವೆ ಸಿಗುವುದು ಇಷ್ಟೇ. ಚಿತ್ತಾ, ಸ್ವಾತಿ ಮಳೆ ಸುರಿಯುವ ಕಾಲ, ಬಟ್ಟೆ ಒಣಗುವುದಿಲ್ಲ. ನೆಂಟರ ಬೆಡ್‌ಶೀಟುಗಳನ್ನು ಒಂದೇ ದಿನ ಒಗೆಯಬೇಡಿ, ಬಿಸಿಲು ಬಂದ ದಿನ ಎರಡೆರಡು ಹಾಕಿ. ಗೊಂಬೆ ಪಾರ್ಕಿನ ತಟ್ಟೆ, ಹೂಕುಂಡದ ಕೆಳಗಿನ ನೀರು ಚೆಲ್ಲಿ, ಸೊಳ್ಳೆ ಮೊಟ್ಟೆ ಇಡುವುದು ಅಲ್ಲೇ. ಒಬ್ಬ ಮಗುವಿಗೆ ನೆಗಡಿ ಬಂದರೆ ಐದಕ್ಕೂ ಬರುತ್ತದೆ, ಲೋಟ ಬೇರೆ ಮಾಡಿ. ಜ್ವರ ಇಳಿಯದಿದ್ದರೆ ಕಷಾಯ ನಂಬಿಕೊಂಡು ಕೂರದೆ ಡಾಕ್ಟರ್ ಹತ್ತಿರ ಹೋಗಿ.

ಬಟ್ಟೆ ಖರೀದಿ ಈ ವಾರಗಳಲ್ಲೇ ಮುಗಿಸಿ. ಐದೂ ಮಕ್ಕಳನ್ನು ಒಟ್ಟಿಗೆ ಅಂಗಡಿಗೆ ಕರೆದುಕೊಂಡು ಹೋಗಬೇಡಿ. ಅಷ್ಟೇ ಹೇಳಬಲ್ಲೆ.

ಕಜ್ಜಾಯ

ಮೈಸೂರು ಸೀಮೆಯ ದೀಪಾವಳಿಗೆ ಕಜ್ಜಾಯ ಬೇಕು. ಇದನ್ನು ಹಬ್ಬದ ಹಿಂದಿನ ದಿನ ಶುರುಮಾಡಲು ಆಗುವುದಿಲ್ಲ, ಐದು ದಿನ ಮುಂಚೆ ಹಾಳೆಯಲ್ಲಿ "ಅಕ್ಕಿ ನೆನೆಸು" ಅಂತ ಬರೆಯಿರಿ.

ಒಂದು ಕೆಜಿ ದೋಸೆ ಅಕ್ಕಿ, ಮುಕ್ಕಾಲು ಕೆಜಿ ಬೆಲ್ಲ. ಅಕ್ಕಿಯನ್ನು ಒಂದು ದಿನ ಪೂರ್ತಿ ನೆನೆಸಿ, ನಡುವೆ ನೀರು ಬದಲಿಸಿ. ಬಸಿದು, ಹಳೇ ಪಂಚೆ ಮೇಲೆ ನೆರಳಿನಲ್ಲಿ ಹರಡಿ. ಪೂರ್ತಿ ಒಣಗಬಾರದು. ಒಂದು ಹಿಡಿ ಒತ್ತಿ ಬಿಟ್ಟರೆ ನಾಲ್ಕಾರು ಕಾಳು ಅಂಗೈಗೆ ಅಂಟಿಕೊಂಡಿರಬೇಕು, ಅದೇ ಹದ. ಆ ತೇವದಲ್ಲೇ ನುಣ್ಣಗೆ ಹಿಟ್ಟು ಮಾಡಿ ಜರಡಿ ಹಿಡಿಯಿರಿ. ಮಿಲ್ಲಿನವರು ಒದ್ದೆ ಅಕ್ಕಿ ಹಾಕಲು ಒಪ್ಪುವುದಿಲ್ಲ, ಮನೆ ಮಿಕ್ಸಿಯಲ್ಲೇ ಸ್ವಲ್ಪ ಸ್ವಲ್ಪ ಹಾಕಿ.

ಬೆಲ್ಲಕ್ಕೆ ಮುಳುಗುವಷ್ಟು ಮಾತ್ರ ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಒಲೆ ಮೇಲಿಡಿ. ಈಗ ಅಲ್ಲಿಂದ ಕದಲಬೇಡಿ, ಫೋನ್ ಬಂದರೂ ಎತ್ತಬೇಡಿ. ಬಟ್ಟಲು ತಣ್ಣೀರಿಗೆ ಒಂದು ಹನಿ ಪಾಕ ಬಿಟ್ಟು ಬೆರಳಲ್ಲಿ ಕೂಡಿಸಿ. ಕರಗಿ ಹೋದರೆ ಇನ್ನೂ ಆಗಿಲ್ಲ. ಮೆತ್ತಗೆ ಉಂಡೆ ಕಟ್ಟಲು ಬಂದು, ಒತ್ತಿದರೆ ಚಪ್ಪಟೆ ಆದರೆ ಆಯಿತು. ಟಣ್ ಅಂತ ಸದ್ದು ಬರುವ ಗಟ್ಟಿ ಉಂಡೆ ಆದರೆ ಕೆಟ್ಟಿತು. ತಕ್ಷಣ ಇಳಿಸಿ, ಏಲಕ್ಕಿ, ಗಸಗಸೆ, ಎಳ್ಳು ಹಾಕಿ, ಒಬ್ಬರು ಹಿಟ್ಟು ಸುರಿಯುತ್ತಾ ಇನ್ನೊಬ್ಬರು ಕೈಬಿಡದೆ ತಿರುಗಿಸಬೇಕು. ಇದು ಇಬ್ಬರ ಕೆಲಸ, ತೋಳಿನಲ್ಲಿ ಬಲ ಇರುವವರನ್ನು ಕರೆಯಿರಿ. ಮೇಲೆ ಎರಡು ಚಮಚ ತುಪ್ಪ ಸವರಿ ಮುಚ್ಚಿಡಿ. ಎರಡು ದಿನ ಬಿಟ್ಟರೆ ಹಿಟ್ಟು ಹದಕ್ಕೆ ಬರುತ್ತದೆ.

ಬಾಳೆ ಎಲೆ ಮೇಲೆ ತಟ್ಟಿ, ಮಧ್ಯಮ ಉರಿಯಲ್ಲಿ ಕರಿಯಿರಿ. ತೆಗೆದ ಕೂಡಲೇ ಎರಡು ಜಾಲರಿ ಸೌಟಿನ ನಡುವೆ ಒತ್ತಿ ಎಣ್ಣೆ ಹಿಂಡಿ. ಮೊದಲು ಒಂದೇ ಒಂದು ಹಾಕಿ ನೋಡಿ. ಎಣ್ಣೆಯಲ್ಲಿ ಚೆದುರಿ ಹೋದರೆ ಪಾಕ ಎಳೆಯದಾಗಿದೆ, ಸ್ವಲ್ಪ ಅಕ್ಕಿ ಹಿಟ್ಟು ಸೇರಿಸಿ. ಕಲ್ಲಿನಂತೆ ಗಟ್ಟಿ ಬಂದರೆ ಪಾಕ ಏರಿದೆ, ಒಂದಿಷ್ಟು ಹಾಲು ಅಥವಾ ಕಿವುಚಿದ ಬಾಳೆಹಣ್ಣು ಸೇರಿಸಿ ನಾದಿ. ಎರಡಕ್ಕೂ ಮದ್ದು ಇದೆ, ಹೆದರಬೇಡಿ.

ಎಣ್ಣೆ ನೀರು, ಪಟಾಕಿ

ತ್ರಯೋದಶಿ ಸಂಜೆ ನೀರು ತುಂಬುವ ಹಬ್ಬ. ಹಂಡೆ ತಿಕ್ಕಿ, ಸುಣ್ಣ ಕುಂಕುಮ ಹಚ್ಚಿ, ಹಿಂಡ್ಲಿಕಾಯಿ ಬಳ್ಳಿ ಸುತ್ತಿ ನೀರು ತುಂಬುವುದು. ಸೋಲಾರ್ ಇರುವ ಮನೆಯವರು ಹಂಡೆ ಬರೀ ಶಾಸ್ತ್ರಕ್ಕೆ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ. ಎಣ್ಣೆ ಹಚ್ಚಿ ತಲೆಗೆ ಸ್ನಾನ ಅಂದರೆ ಒಬ್ಬರಿಗೆ ಕಡಿಮೆ ಅಂದರೂ 20 ಲೀಟರ್ ಬಿಸಿನೀರು, ಹದಿನಾಲ್ಕು ಜನಕ್ಕೆ 280. ಮೋಡ ಮುಸುಕಿದ ದಿನ 200 ಲೀಟರಿನ ಟ್ಯಾಂಕ್ ಅರ್ಧಕ್ಕೇ ಕೈಕೊಡುತ್ತದೆ. ಹಂಡೆಗೆ ಸೌದೆ ಹೊಂದಿಸಿಡಿ, ಇಲ್ಲಾ ಗೀಸರ್ ನಾಲ್ಕು ಗಂಟೆಗೇ ಹಾಕಿ.

ಸಾಲು ಹೀಗಿರಲಿ: ಮೊದಲು ಹಿರಿಯರು, ಆಮೇಲೆ ಮಕ್ಕಳು, ಕೊನೆಗೆ ನಡುವಿನವರು. ಒಬ್ಬರು ನೀರು ಹಾಕಿಕೊಳ್ಳುವಾಗ ಮುಂದಿನ ಇಬ್ಬರು ಎಣ್ಣೆ ಹಚ್ಚಿಸಿಕೊಂಡು ಹಜಾರದಲ್ಲಿ ಹಳೇ ಚಾಪೆ ಮೇಲೆ ಕೂತಿರಬೇಕು, ಸೋಫಾ ಮೇಲೆ ಅಲ್ಲ. ಪ್ರತಿ ಮೂರು ಜನಕ್ಕೊಮ್ಮೆ ಬಚ್ಚಲ ನೆಲಕ್ಕೆ ಸೀಗೆಪುಡಿ ಹಾಕಿ ಉಜ್ಜಿ. ವಯಸ್ಸಾದವರು ಹಬ್ಬದ ದಿನ ಬೀಳುವುದು ಈ ಎಣ್ಣೆ ನೆಲದಲ್ಲೇ. ಬಚ್ಚಲಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಇಡಿ.

ಪಟಾಕಿ ಹಸಿರು ಪಟಾಕಿಯೇ ಇರಲಿ, ರಾತ್ರಿ 8ರಿಂದ 10ರ ಒಳಗೆ. ಸುಪ್ರೀಂ ಕೋರ್ಟ್ 2018ರಲ್ಲೇ ಹಾಕಿದ ಮಿತಿ ಇದು. ಕಾಟನ್ ಬಟ್ಟೆ, ಕಾಲಿಗೆ ಚಪ್ಪಲಿ, ಪಕ್ಕದಲ್ಲಿ ಎರಡು ಬಕೆಟ್ ನೀರು. ಸುರುಸುರು ಬತ್ತಿ ಉರಿದ ಕಡ್ಡಿ ನೇರ ಬಕೆಟ್ಟಿಗೆ, ನೆಲಕ್ಕೆ ಎಸೆದರೆ ಬರಿಗಾಲಿನವರು ತುಳಿಯುತ್ತಾರೆ. ಹತ್ತದ ಪಟಾಕಿಯ ಹತ್ತಿರ ಬಗ್ಗಿ ನೋಡುವವರಲ್ಲಿ ಮಕ್ಕಳಿಗಿಂತ ಚಿಕ್ಕಪ್ಪಂದಿರೇ ಜಾಸ್ತಿ, ಅವರ ಮೇಲೂ ಒಬ್ಬರು ಕಣ್ಣಿಡಿ. ಸುಟ್ಟರೆ ಹರಿಯುವ ತಣ್ಣೀರಿಗೆ ಕೈ ಒಡ್ಡಿ ಇಪ್ಪತ್ತು ನಿಮಿಷ ಹಿಡಿಯಬೇಕು. ಪೇಸ್ಟ್, ಶಾಯಿ, ಬೆಣ್ಣೆ ಯಾವುದೂ ಬೇಡ.

ರಾಜ್ಯೋತ್ಸವ, ತುಳಸಿ, ಲೆಕ್ಕ

ನವೆಂಬರ್ 1ಕ್ಕೆ ಶಾಲೆಯಿಂದ ಚೀಟಿ ಬರುತ್ತದೆ, ಹಳದಿ ಕೆಂಪು ಬಟ್ಟೆ, ಒಬ್ಬ ಒನಕೆ ಓಬವ್ವ, ಒಬ್ಬ ಸಂಗೊಳ್ಳಿ ರಾಯಣ್ಣ. ಕೆಂಪು, ಹಳದಿ ದುಪಟ್ಟಾ ಎರಡೆರಡು ಗೊಂಬೆ ಟ್ರಂಕಿನಲ್ಲೇ ಕಾಯಂ ಇಟ್ಟುಬಿಡಿ. ಒನಕೆಯನ್ನು ರಟ್ಟಿನಲ್ಲಿ ಮಾಡಿ, ಅಸಲಿ ಒನಕೆ ಕೊಟ್ಟು ಕಳಿಸಬೇಡಿ.

ಉತ್ಥಾನ ದ್ವಾದಶಿಗೆ ತುಳಸಿ ಕಟ್ಟೆಗೆ ಕಬ್ಬು, ನೆಲ್ಲಿಕಾಯಿ ಸಮೇತ ನೆಲ್ಲಿ ಕೊಂಬೆ. ನೆಲ್ಲಿಕಾಯಿ ಮೇಲ್ಭಾಗ ಕತ್ತರಿಸಿ, ಸ್ವಲ್ಪ ಕೊರೆದು, ತುಪ್ಪದ ಬತ್ತಿ ಇಟ್ಟರೆ ದೀಪ. ಅಷ್ಟೊತ್ತಿಗೆ ಎಲ್ಲರಿಗೂ ಸುಸ್ತಾಗಿರುತ್ತದೆ, ಅವಲಕ್ಕಿ ಪಂಚಕಜ್ಜಾಯ ಮಾಡಿ ಸಾಕು.

ಮಾರನೇ ದಿನ ಗೋಡೆಯ ಹಾಳೆ ಹರಿದು ಬಿಸಾಡಬೇಡಿ. ಡಬ್ಬಿಯ ದುಡ್ಡು, ನೋಟ್‌ಬುಕ್ಕು, ಹಾಳೆ ಮೂರನ್ನೂ ಮುಂದಿಟ್ಟುಕೊಂಡು ಎಲ್ಲರೂ ಒಂದು ಗಂಟೆ ಕೂರಿ. ಯಾವುದು ಉಳಿಯಿತು, ಯಾವುದು ಸಾಲಲಿಲ್ಲ, ಯಾರ ಹೆಸರಿನ ಮುಂದೆ ಕೆಲಸ ಜಾಸ್ತಿ ಬಿತ್ತು ಅಂತ ನೋಡಿ, ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ಹಾಳೆ ಬರೆಯುವ ಕೆಲಸವನ್ನು ಮುಂದಿನ ವರ್ಷಕ್ಕೆ ಬೇರೆಯವರಿಗೆ ದಾಟಿಸಿ. ನಮ್ಮಲ್ಲಿ ಈ ಸಲ ಅದು ಮೈದುನನ ಪಾಲಿಗೆ ಬಂದಿದೆ. ನೆನೆಸುವ ಕಾಲಂ ಯಾಕೆ ಬೇಕು ಅಂತ ಈಗಲೇ ಕೇಳುತ್ತಿದ್ದಾನೆ.